ಗುಣದ ಬೆಡಂಗಿ: ಚಾಳುಕ್ಯ ರಾಜಕುಮಾರಿ ಅಕ್ಕಾದೇವಿಯ ಬಿರುದೂ ರಾಜಕಾರ್ಯವೂ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯಲ್ಲಿ ಗೊರೇಬಾಳವೆಂಬ ಊರುಂಟು. ಅದರ ಸುತ್ತಣ ಭೂಮಿಯು ಕೃಷ್ಣಾ ತುಂಗಭದ್ರೆಗಳೆಂಬ ಎರಡು ಹೊಳೆಗಳ ಎಡೆಯಲ್ಲಿ ಹರಡಿಕೊಂಡಿರುವುದರಿಂದ ಪ್ರಾಚೀನರು ಅದನ್ನು ಎಡೆದೊರೆನಾಡೆಂದು ಕರೆದರು. ಶಾಸನಗಳಲ್ಲಿ ಅದಕ್ಕೆ ಎಡೆದೊರೆ ಎರಡು ಸಾಸಿರವೆಂದು ಹೆಸರು. ಈ ಸೀಮೆಯ ಹೆಸರನ್ನು ಲೋಕಕ್ಕೆಲ್ಲ ತಿಳಿಸಿದುದು 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಕಾಣಿಸಿಕೊಂಡ ಅಶೋಕನ ಧರ್ಮಲಿಪಿ. ದೇವಾನಾಂಪ್ರಿಯನೇ ಅಶೋಕನೆಂಬುದನ್ನು ಹೆಸರು ಹಿಡಿದು ಹೇಳಿದ ಆ ಲಿಪಿಯ ಕೀರ್ತಿಯ ಬೆಳಕಿನಲ್ಲಿ ಮಸ್ಕಿಯ ಇನ್ನೊಂದು ಸ್ಮರಣೆಯು ಮಂಕಾಗಿ ಹೋಯಿತು. ಕ್ರಿ.ಶ. 1021ರ ಸುಮಾರಿನಲ್ಲಿ ಕಲ್ಯಾಣದ ಚಾಳುಕ್ಯರ ಎರಡನೆಯ ಜಯಸಿಂಹನಿಗೂ ರಾಜೇಂದ್ರಚೋಳನಿಗೂ ನಡೆದ ಕಾಳಗದ ಸ್ಥಳವನ್ನು ಚೋಳರ ಪ್ರಶಸ್ತಿಗಳು 'ಮುಶಂಗಿ' ಎನ್ನುತ್ತವೆ. ಈ ಮುಶಂಗಿಯನ್ನು ಒಂದು ಕಾಲದಲ್ಲಿ ಉಚ್ಚಂಗಿದುರ್ಗವೆಂದು ಊಹಿಸಿದವರುಂಟು. ಈಗ ವಿದ್ವಾಂಸರಲ್ಲಿ ಹೆಚ್ಚಿನವರು ಅದು ಮಸ್ಕಿಯೇ ಎಂದು ಒಪ್ಪುತ್ತಾರೆ. ಜಯಸಿಂಹನ ಆಳ್ವಿಕೆಯಲ್ಲಿಯೇ, 1027ರಲ್ಲಿ, ಹುಟ್ಟಿದ ಮಸ್ಕಿಯ ಶಾಸನವು ಆ ಊರನ್ನು 'ರಾಜಧಾನಿ ಪಿರಿಯ ಮೊಸಂಗಿ' ಎಂದು ಕರೆದಿರುವುದು ಈ ಅಭಿಪ್ರಾಯಕ್ಕೆ ಬಲವಾದ ಆಧಾರವಾಗಿದೆ. ಜಯಸಿಂಹನು ಬೆನ್ನುತೋರಿಸಿ ಓಡಿದನೆಂದು ತಮಿಳು ಪ್ರಶಸ್ತಿಯು ಹೇಳುತ್ತದೆ. ಓಡಿದ ಅರಸನು ಆರು ವರ್ಷಗಳ ಮೇಲೆ ಅದೇ ಊರನ್ನು ತನ್ನ ರಾಜಧಾನಿಯೆಂದು ಕಲ್ಲಿನಲ್ಲಿ ಕಂಡರಿಸುವಂತಾದುದನ್ನು ನೋಡಿದರೆ ಪ್ರಶಸ್ತಿಕಾರರ ಮಾತನ್ನು ಎಷ್ಟು ನಂಬಬೇಕೆಂಬುದು ವಾಚಕರಿಗೆ ತಾನಾಗಿ ತೋರುವುದು.

ಪ್ರಶಸ್ತಿಯ ಮಾತನ್ನು ನಂಬಬೇಕೆ, ಬಿಡಬೇಕೆ ಎಂಬ ಈ ಪ್ರಶ್ನೆಯೇ ಪ್ರಸ್ತುತ ಲೇಖನದ ವಿಷಯ. ಆದರೆ ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಜಯಸಿಂಹನ ಪ್ರಶಸ್ತಿಯನ್ನಲ್ಲ, ಅವನ ಒಡಹುಟ್ಟಿದವಳದನ್ನು. ಎಡೆದೊರೆಯ ಪಶ್ಚಿಮಕ್ಕೆ, ಇಂದಿನ ಬಾಗಲಕೋಟೆ ಮತ್ತು ಗದಗ ಜಿಲ್ಲೆಗಳಲ್ಲಿ, ಕಿಸುಕಾಡು ಎಪ್ಪತ್ತೆಂಬ ನಾಡಿತ್ತು. ಮೊಸಂಗಿಯ ಕಾಳಗದ ದಿನಗಳಲ್ಲಿ ಆ ನಾಡನ್ನು ಆಳುತ್ತಿದ್ದವಳು ರಾಜಕುಮಾರಿ ಅಕ್ಕಾದೇವಿ. ಅವಳಿಗೆ 'ಗುಣದ ಬೆಡಂಗಿ'ಯೆಂದು ಬಿರುದು. ರಣದಲ್ಲಿ ಭೈರವಿಯೆಂದು ಹೊಗಳಿಕೆ. ರಾಜವಂಶದ ಸ್ತ್ರೀಯರಿಗೆ ನಾಡುಗಳನ್ನು ಒಪ್ಪಿಸುತ್ತಿದ್ದುದು ಅವರ ವೆಚ್ಚಕ್ಕೆ ಉತ್ಪನ್ನವಿರಲೆಂದು ಮಾತ್ರ, ಆಳುತ್ತಿದ್ದವರು ದಂಡನಾಯಕರೇ, ಬಿರುದುಗಳೆಲ್ಲ ಕವಿಯ ಮುಖಸ್ತುತಿ ಎಂದು ತಿಳಿಯುವುದು ನಮ್ಮಲ್ಲಿ ವಾಡಿಕೆಯಾಗಿದೆ. ಕೆಲವು ಅರಸಿಯರ ವಿಷಯದಲ್ಲಿ ಅದು ನಿಜವೂ ಆಗಿರಬಹುದು. ಅಕ್ಕಾದೇವಿಯ ವಿಷಯದಲ್ಲಿ ಅದು ನಿಲ್ಲದೆಂಬುದು ನನ್ನ ಅಭಿಪ್ರಾಯ.

ಮೊದಲು ಅವಳ ವಂಶ. ರಾಷ್ಟ್ರಕೂಟರನ್ನು ಕೆಡಹಿ 973ರಲ್ಲಿ ಚಾಳುಕ್ಯರಾಜ್ಯವನ್ನು ಮರಳಿ ಸ್ಥಾಪಿಸಿದ ತೈಲಪನಿಗೆ ಸತ್ಯಾಶ್ರಯ, ದಶವರ್ಮರೆಂಬ ಮಕ್ಕಳು. 997ರಿಂದ 1008ರ ವರೆಗೆ ಆಳಿದವನು ಸತ್ಯಾಶ್ರಯ. ದಶವರ್ಮನಿಗೂ ಭಾಗಲದೇವಿಗೂ ಹುಟ್ಟಿದವರು ಐದನೆಯ ವಿಕ್ರಮಾದಿತ್ಯ, ಜಯಸಿಂಹ ಮುಂತಾದವರು. ಅಕ್ಕಾದೇವಿ ಅವರ ಸೋದರಿ. ಮುಂದೆ ಆಹವಮಲ್ಲನೆಂದು ಪ್ರಸಿದ್ಧನಾದ ಒಂದನೆಯ ಸೋಮೇಶ್ವರನಿಗೆ ಸೋದರತ್ತೆ. ಅವಳ ಹೆಸರು ಮೊದಲು ಕಾಣುವುದು 1010ರಲ್ಲಿ, ಸೂಡಿಯ ಶಾಸನದಲ್ಲಿ. ಆಗ ಅಣ್ಣತಮ್ಮಂದಿರಲ್ಲಿ ವಿಕ್ರಮಾದಿತ್ಯನ ಆಳ್ವಿಕೆ. 1054ರ ಸುಮಾರಿನಲ್ಲಿಯೂ ಅವಳು ನಾಡನ್ನು ಆಳುತ್ತಲೇ ಇದ್ದಳು. ನಾಲ್ವತ್ತನಾಲ್ಕು ವರ್ಷಗಳ ಈ ಅವಧಿಯನ್ನು ನೋಡಿದರೆ ಮೊದಲನೆಯ ಶಾಸನದ ಕಾಲಕ್ಕೆ ಅವಳು ತರುಣಿಯೇ ಆಗಿದ್ದಿರಬೇಕು.

ಆ ತಾರುಣ್ಯವು ಎಂಥ ಕಾಲದಲ್ಲಿ ಕಳೆಯಿತೆಂಬುದನ್ನು ತಿಳಿಯಬೇಕಾದರೆ ಹೊಟ್ಟೂರಿನ ಶಾಸನವನ್ನು ನೋಡಬೇಕು. ಇದು 1007ನೆಯ ಇಸವಿಯದು. ಚೋಳನು ಒಂಬತ್ತು ಲಕ್ಷ ದಂಡಿನೊಡನೆ ಬಂದು ದೋಣವೂರಿನಲ್ಲಿ ಬೀಡುಬಿಟ್ಟು, ದೇಶವನ್ನೆಲ್ಲ ಸೂರೆಮಾಡಿ, ಹೆಂಗಸರು ಮಕ್ಕಳು ಬ್ರಾಹ್ಮಣರೆನ್ನದೆ ಕೊಂದು, ಕನ್ಯೆಯರನ್ನು ಹಿಡಿದು ಜಾತಿಗೆಡಿಸಿದನೆಂದು ಅದರಲ್ಲಿದೆ. ಒಂಬತ್ತು ಲಕ್ಷವೆಂಬ ಎಣಿಕೆಯನ್ನು ಯಾರೂ ಅಕ್ಷರಶಃ ಗ್ರಹಿಸಬೇಕಾಗಿಲ್ಲ. ಆದರೆ ದೋಣವೂರು ಬಿಜಾಪುರ ಜಿಲ್ಲೆಯ ಇಂದಿನ ದೋಣೂರು. ಕಿಸುಕಾಡಿಗೆ ಬಹಳ ದೂರವಲ್ಲ. ಶತ್ರುವಿನ ದಂಡು ಬಂದುಹೋದ ಮೂರು ವರ್ಷಗಳಿಗೆ ಆ ನೆರೆಯಲ್ಲಿ ಒಬ್ಬ ರಾಜಕುಮಾರಿಯ ಹೆಸರು ಶಾಸನಕ್ಕೆ ಬರುವುದನ್ನು ನಾವು ಅರಮನೆಯ ವಿನೋದವೆಂದು ತಿಳಿಯಲಾಗದು.

ಇದೇ ಹೊಟ್ಟೂರಿನ ಶಾಸನದಲ್ಲಿ ಸತ್ಯಾಶ್ರಯನಿಗೆ 'ತಿಗುಳಮಾರಿ'ಯೆಂಬ ಹೆಸರಿದೆ. ತಿಗುಳರಿಗೆ, ಎಂದರೆ ತಮಿಳರಿಗೆ, ಮಾರಿಯಾದವನು ಎಂದರ್ಥ. ಗಂಡಸಾದ ಅರಸನನ್ನು ಹೆಣ್ಣುದೇವತೆಯ ಹೆಸರಿನಿಂದ ಹೊಗಳಲು ಆ ಕಾಲದ ಕನ್ನಡಿಗರಿಗೆ ಸಂಕೋಚವಿರಲಿಲ್ಲ. ಹೀಗಿರಲು ಅವನ ತಮ್ಮನ ಮಗಳನ್ನು ಭೈರವಿಯೆಂದಾಗ ಮಾತ್ರ ಅದು ಹೆಂಗಸಿನ ಮೇಲಣ ಅಲಂಕಾರವೆಂದು ನಾವು ನಗುವುದಕ್ಕೆ ಕಾರಣವಿಲ್ಲ. ಎರಡೂ ಒಂದೇ ಮನೆಯ, ಒಂದೇ ಯುದ್ಧಕಾಲದ ನುಡಿಗಳು.

ಇನ್ನು 'ಗುಣದ ಬೆಡಂಗಿ' ಎಂಬ ಬಿರುದಿನ ವಿಚಾರ. ಫ್ಲೀಟ್ ಮಹಾಶಯರು ಇದನ್ನು ಗುಣಗಳಿಂದ ಚೆಲುವೆಯಾದವಳೆಂದು ಅರ್ಥಮಾಡಿದರು. ಅರ್ಥವೇನೋ ಸರಿಯೇ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಬಿರುದಿನ ಸ್ವಾರಸ್ಯವು ತಪ್ಪಿಹೋಗುವುದು. 'ಬೆಡಂಗ'ನೆಂಬುದು ಅಂದಿನ ರಾಜಬಿರುದುಗಳಲ್ಲಿ ರೂಢವಾದ ಪದ. ಶ್ರವಣಬೆಳಗೊಳದ 982ರ ಶಾಸನದಲ್ಲಿ ರಾಷ್ಟ್ರಕೂಟರ ಕಡೆಯ ಕುಡಿಯಾದ ಇಂದ್ರನಿಗೆ 'ಎಳೆವಬೆಡಂಗ'ನೆಂಬ ಬಿರುದುಂಟು. ರನ್ನನಿಗೆ ಆಶ್ರಯದಾತನಾದ ಸತ್ಯಾಶ್ರಯನಿಗೆ 'ಇಱಿವಬೆಡಂಗ'ನೆಂಬುದು ಬಿರುದುಮಾತ್ರವಲ್ಲ, ಹೆಸರೇ ಆಗಿಬಿಟ್ಟಿತ್ತು: ಇರಿಯುವುದರಲ್ಲಿ, ಕಾದುವುದರಲ್ಲಿ ಬೆಡಗುಳ್ಳವನು. ದೊಡ್ಡಪ್ಪನು ಇಱಿವಬೆಡಂಗ, ತಮ್ಮನ ಮಗಳು ಗುಣದ ಬೆಡಂಗಿ. ಇದು ಹೆಣ್ಣಿನ ರೂಪವನ್ನು ವರ್ಣಿಸಲು ಕವಿಯು ಹೊಸದಾಗಿ ಹೊಸೆದ ವಿಶೇಷಣವಲ್ಲ. ಅರಸುಮಕ್ಕಳಿಗೆ ಸಲ್ಲುತ್ತಿದ್ದ ಬಿರುದಿನ ಅಚ್ಚನ್ನೇ ತೆಗೆದುಕೊಂಡು ಕಡೆಗೆ ಸ್ತ್ರೀಲಿಂಗದ ಪ್ರತ್ಯಯವನ್ನು ಹಚ್ಚಿ ಮಾಡಿದುದು. ಚೆಲುವನ್ನು ಹೊಗಳಬೇಕಾಗಿದ್ದರೆ ರತಿಯೆಂದೋ ರೂಪಿನ ಕಣಿಯೆಂದೋ ಹೇಳಲು ಅಂದಿನ ಕನ್ನಡದಲ್ಲಿ ಪದಗಳಿಗೆ ಬಡತನವಿರಲಿಲ್ಲ. ಹೀಗೆ ರಾಜಬಿರುದಿನ ಅಚ್ಚಿನಲ್ಲಿ ಅವಳ ಹೆಸರನ್ನು ಎರಕಹೊಯ್ದವರು ಅವಳನ್ನು ಆಳುವವರ ಸಾಲಿನಲ್ಲಿ ನಿಲ್ಲಿಸಿದರೆಂದೇ ತಿಳಿಯಬೇಕು. ಸಾಹಿತ್ಯವನ್ನು ಪಾಠಹೇಳುವವರು ಬಿರುದುಗಳನ್ನು ಅಲಂಕಾರದ ಅಧ್ಯಾಯಕ್ಕೆ ಸೇರಿಸಿ ಮುಂದೆ ಸಾಗುವುದುಂಟು; ಅವುಗಳ ವ್ಯಾಕರಣವನ್ನು ನೋಡಿದರೆ ಚರಿತ್ರೆಯೂ ದೊರೆಯುತ್ತದೆ.

ಬಿರುದಿಗೆ ತಕ್ಕ ಕಾರ್ಯವಿತ್ತೆ ಎಂಬುದು ಮುಂದಿನ ಪ್ರಶ್ನೆ. ಬಾದಾಮಿ ತಾಲ್ಲೂಕಿನ ಬೇಲೂರಿನಲ್ಲಿ (ಹೊಯ್ಸಳರ ಬೇಲೂರು ಬೇರೆ) 1022ರ ಒಂದು ಶಾಸನವಿದೆ. ಜಯಸಿಂಹನ ಆಳ್ವಿಕೆಯಲ್ಲಿ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದಳೆಂದೂ, ಬ್ರಹ್ಮ ವಿಷ್ಣು ಮಹೇಶ್ವರರ ತ್ರೈಪುರುಷ ದೇವಾಲಯವನ್ನು ಕಟ್ಟಿಸಿದಳೆಂದೂ, ಅಲ್ಲಿ ಓದುವ ವಿದ್ಯಾರ್ಥಿಗಳ ಅನ್ನವಸ್ತ್ರಗಳಿಗೆ ಭೂಮಿಯನ್ನು ಬಿಟ್ಟಳೆಂದೂ ಅದರಿಂದ ತಿಳಿದುಬರುತ್ತದೆ. ಜಿನ, ಬುದ್ಧ, ಅನಂತ, ರುದ್ರ ಎಂಬ ನಾಲ್ವರ ವಿಧಿಗಳಂತೆಯೂ ಅವಳು ಧರ್ಮವನ್ನು ಆಚರಿಸಿದಳೆಂದು ಶಾಸನಕವಿಯ ಮಾತು. ಇದರಲ್ಲಿ ಬುದ್ಧನ ಹೆಸರು ಬಂದಿರುವುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಹನ್ನೊಂದನೆಯ ಶತಮಾನದ ಕನ್ನಡನಾಡಿನಲ್ಲಿ ಬೌದ್ಧರು ತೀರ ಅಳಿದುಹೋಗಿರಲಿಲ್ಲ. ಡಂಬಳದ 1095ರ ಶಾಸನದಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧವಿಹಾರದ ಉಲ್ಲೇಖವಿದೆ. ಲೊಕ್ಕಿಗುಂಡಿಯಲ್ಲಿಯೂ ಒಂದು ವಿಹಾರವಿದ್ದುದು ಅದರಿಂದಲೇ ತಿಳಿಯುವುದು. ಕಿಸುಕಾಡಿನ ಒಡತಿಯು ನಾಲ್ಕು ಸಮಯಗಳನ್ನೂ ಮನ್ನಿಸಿದಳೆಂದು ಹೇಳುವಾಗ ಕವಿಯು ನಾಲ್ಕನೆಯ ಹೆಸರನ್ನು ಸುಮ್ಮನೆ ಪಾದಪೂರಣಕ್ಕೆ ತರಲಿಲ್ಲ. ಅವಳ ಪ್ರಜೆಗಳ ನೆರೆಹೊರೆಯಲ್ಲಿಯೇ ಆ ಸಮಯದವರಿದ್ದರು.

ಭೈರವಿಯೆಂಬ ಹೊಗಳಿಕೆಯೂ ಈ ಬೇಲೂರಿನ ಶಾಸನದ್ದೇ: ಯುದ್ಧದಲ್ಲಿಯೂ ಶತ್ರುರಾಜರನ್ನು ಸಂಹರಿಸುವುದರಲ್ಲಿಯೂ ಅವಳು ಭೈರವಿ. 1021ರ ಸುಮಾರಿಗೆ ಮೊಸಂಗಿಯ ಕಾಳಗ, 1022ರಲ್ಲಿ ಈ ಮಾತು. ಈ ಸಾಮೀಪ್ಯವನ್ನು ಕಂಡು ಅಕ್ಕಾದೇವಿಯನ್ನು ಆನೆಯ ಮೇಲೆ ಕೂರಿಸಿ ಮೊಸಂಗಿಯ ಕಣಕ್ಕೆ ಕರೆತರುವುದು ಕಾದಂಬರಿಕಾರನಿಗೆ ಒಪ್ಪುವ ಕೆಲಸ. ಚರಿತ್ರೆಗೆ ಅದು ಬೇಡ. ಚರಿತ್ರೆಗೆ ಬೇಕಾದ ಸಾಕ್ಷ್ಯವು ಇಪ್ಪತ್ತೈದು ವರ್ಷಗಳ ಅನಂತರ ದೊರೆಯುತ್ತದೆ. ಅರಸಿಬೀಡಿಯ ಶಾಸನದಂತೆ 1047ರಲ್ಲಿ ಅಕ್ಕಾದೇವಿಯು ಗೋಕಾಗೆಯ ಕೋಟೆಗೆ ಮುತ್ತಿಗೆಹಾಕಿಕೊಂಡಿದ್ದಳು. ಗೋಕಾಗೆಯೆಂದರೆ ಇಂದಿನ ಗೋಕಾಕ. ಕಿಸುಕಾಡಿನಿಂದ ವಾಯವ್ಯಕ್ಕೆ ದೂರದ ಊರು. ಆ ಮುತ್ತಿಗೆಯ ಬೀಡಿನಿಂದಲೇ ಅವಳು ವಿಕ್ರಮಪುರದ ಬಸದಿಯೊಂದಕ್ಕೆ ದತ್ತಿಯನ್ನು ಬಿಟ್ಟಳು. ದತ್ತಿಯನ್ನು ಪಡೆದವರು ಮೂಲಸಂಘ ಸೇನಗಣದ ನಾಗಸೇನಪಂಡಿತರು. ಬಸದಿಗೆ ಹೆಸರು 'ಗೊಣದ ಬೆಡಂಗಿ ಜಿನಾಲಯ'. ಗುಣವು ಜನರ ಬಾಯಲ್ಲಿ ಗೊಣವಾಯಿತು. ಬಿರುದು ದೇವಾಲಯದ ಹೆಸರಾಯಿತು.

ಈ ಶಾಸನದ ಬೆಲೆ ಯಾವುದೆಂದರೆ, ಇದು ಯುದ್ಧವನ್ನು ವರ್ಣಿಸಲು ಹೊರಟುದಲ್ಲ. ದತ್ತಿಯನ್ನು ದಾಖಲೆಮಾಡುವುದು ಇದರ ಕೆಲಸ. ದಾತೃವು ಆಗ ಎಲ್ಲಿದ್ದಳೆಂಬುದನ್ನು ದಾಖಲೆಯ ಕ್ರಮದಂತೆ ಹೇಳುವಾಗ ಮುತ್ತಿಗೆಯ ಸಂಗತಿಯು ಬಂದಿದೆ. ಹೊಗಳುವುದಕ್ಕಾಗಿ ಹೇಳಿದ ಮಾತಿಗಿಂತ ದಾರಿಯಲ್ಲಿ ಆಡಿಹೋದ ಮಾತು ಹೆಚ್ಚು ನಂಬತಕ್ಕದ್ದೆಂಬುದು ಶಾಸನಪರಿಶೋಧಕರೆಲ್ಲರ ಅನುಭವ. ದಂಡನಾಯಕರೇ ಕಾದುತ್ತಿದ್ದರು, ಅರಸಿಯ ಹೆಸರನ್ನು ಮಾತ್ರ ಬರೆದರು ಎನ್ನುವವರಿಗೆ ಒಂದು ಉತ್ತರವುಂಟು. ದಂಡನಾಯಕರಿಲ್ಲದೆ ಯಾವ ಚಕ್ರವರ್ತಿಯು ತಾನೆ ಕೋಟೆಯನ್ನು ಹಿಡಿದನು? ಅರಸನ ವಿಷಯದಲ್ಲಿ ಕೇಳದ ಪ್ರಶ್ನೆಯನ್ನು ಅರಸಿಯ ವಿಷಯದಲ್ಲಿ ಮಾತ್ರ ಕೇಳುವುದು ನ್ಯಾಯವಲ್ಲ.

ಆದರೂ ನನಗೆ ಕೋಟೆಯ ಮುತ್ತಿಗೆಗಿಂತ ದೊಡ್ಡದಾಗಿ ತೋರುವುದು ಸೂಡಿಯ ಶಾಸನಗಳಲ್ಲಿ 1050ರ ಸುಮಾರಿನ ಒಂದು. ಸೂಡಿಗೆ ಆಗ ಸುಂಡಿಯೆಂದು ಹೆಸರು. ಇಂದು ಗದಗ ಜಿಲ್ಲೆಯಲ್ಲಿರುವ ಈ ಊರನ್ನು ನೋಡಿದವರಿಗೆ ಜೋಡುಕಳಸದ ಗುಡಿಯೂ ನಾಗಕುಂಡವೂ ನೆನಪಿರಬಹುದು. ವ್ಯಾಪಾರಿಗಳೂ ಒಕ್ಕಲುಗಳೂ ಸೇರಿ ತಮ್ಮ ಊರಿನ ಕಟ್ಟಳೆಗಳನ್ನು ತಾವೇ ನಡೆಸಿಕೊಂಡು ಬರುತ್ತಿದ್ದ ಪಟ್ಟಣ ಅದು. ಅಲ್ಲಿಯ ಎಂಟು ಮಂದಿ ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಪೂರ್ವದಿಂದ ಒಂದು ಶಾಸನಮರ್ಯಾದೆಯಿತ್ತು. ಚೋಳರ ಯುದ್ಧದ ಹಾವಳಿಯಲ್ಲಿ ಆ ವ್ಯವಸ್ಥೆಯು ಮುರಿದುಹೋಯಿತು. ಆಗ ಕಿಸುಕಾಡು ಎಪ್ಪತ್ತು, ತೊರಗರೆ ಅರುವತ್ತು, ಮಾಸವಾಡಿ ನೂರ ನಾಲ್ವತ್ತುಗಳನ್ನು ಆಳುತ್ತಿದ್ದ ಅಕ್ಕಾದೇವಿಯು ಏಳು ಮಂದಿ ಸಚಿವರು ಕೂಡಿದ್ದಲ್ಲಿ ಆ ಮರ್ಯಾದೆಯನ್ನು ಹೊಸದಾಗಿ ಬರೆಯಿಸಿಕೊಟ್ಟಳು. ಈ ಶಾಸನಗಳನ್ನು ಪ್ರಕಟಿಸಿದ ಬಾರ್ನೆಟ್ಟರು ಉಪಕಾರಮಾಡಿದ್ದಾರೆ. ನಮ್ಮ ಗ್ರಾಮ ನಗರಗಳ ಸಂಘಜೀವನವನ್ನು ಕುರಿತು ಬರೆದವರೆಲ್ಲ ಆಮೇಲೆ ಇದನ್ನು ಉದಾಹರಿಸಿದರು. ಆದರೆ ಅವರ ದೃಷ್ಟಿಯೆಲ್ಲ ಸೆಟ್ಟಿಗಳ ಮೇಲೆ ಬಿದ್ದಿತೇ ಹೊರತು ಕೊಟ್ಟವಳ ಮೇಲೆ ಬೀಳಲಿಲ್ಲ.

ಇದನ್ನು ಸ್ವಲ್ಪ ನಿಧಾನವಾಗಿ ವಿಚಾರಿಸೋಣ. ದೇವಾಲಯವನ್ನು ಕಟ್ಟಿಸುವುದು, ಬಸದಿಗೆ ಭೂಮಿಬಿಡುವುದು, ಬ್ರಾಹ್ಮಣರಿಗೆ ದಾನಕೊಡುವುದು, ಇವುಗಳನ್ನು ಸಿರಿವಂತೆಯಾದ ಯಾವ ಸ್ತ್ರೀಯೂ ಮಾಡಬಹುದು. ಮಾಡಿದವರು ನೂರಾರು ಮಂದಿ ಇದ್ದಾರೆ. ಆದರೆ ಒಂದು ಪಟ್ಟಣದ ಸಂಘಕ್ಕೆ ಅದರ ಹಕ್ಕುಬಾಧ್ಯತೆಗಳನ್ನು ಮರಳಿ ಕೊಡುವುದು ದಾನವಲ್ಲ, ರಾಜಕಾರ್ಯ. ಯುದ್ಧವು ಹಾದುಹೋದ ನಾಡಿನಲ್ಲಿ ಯಾವ ಹೊಲ ಯಾರದು, ಯಾವ ತೆರಿಗೆ ಎಷ್ಟು, ಯಾರು ಯಾರಿಗೆ ಉತ್ತರವಾದಿಗಳೆಂಬುದೆಲ್ಲ ಕಲಸಿಹೋಗುತ್ತದೆ. ಹಳೆಯ ಪತ್ರವು ಹೋದರೆ ಬಲವುಳ್ಳವನೇ ಒಡೆಯ. ಅಂಥ ವೇಳೆಯಲ್ಲಿ ಸೆಟ್ಟಿಗಳೂ ಒಕ್ಕಲುಗಳೂ ಯಾರ ಬಳಿಗೆ ಹೋಗುತ್ತಾರೆ? ಯಾರ ಮಾತು ನಾಳೆಯೂ ನಡೆಯುವುದೆಂಬ ಭರವಸೆಯಿದೆಯೋ ಅವರ ಬಳಿಗೆ. 1050ರಲ್ಲಿ ಸುಂಡಿಯವರಿಗೆ ಆ ಭರವಸೆಯು ಅಕ್ಕಾದೇವಿಯಲ್ಲಿತ್ತು. ಇದು ಕವಿಯ ಪ್ರಶಂಸೆಯಲ್ಲ. ಎಂಬತ್ತೆಂಟು ಮನೆಗಳ ವ್ಯವಹಾರಬುದ್ಧಿಯು ಕೊಟ್ಟ ಸಾಕ್ಷ್ಯ.

ಏಳು ಮಂದಿ ಸಚಿವರು ಜೊತೆಗಿದ್ದುದರಿಂದ ಅಧಿಕಾರವು ಅವರದೇ ಎಂದು ವಾದಿಸಬಹುದಷ್ಟೆ. ಸಚಿವರಿದ್ದುದು ನಿಜ, ಅವರ ಸನ್ನಿಧಿಯಿಂದಲೇ ಕಾರ್ಯಕ್ಕೆ ರಾಜಶಾಸನದ ಗೌರವ ಬಂದಿತು. ಆದರೆ ಅವರ ಒಡತಿಯು ಮೂರು ಆಳ್ವಿಕೆಗಳನ್ನು ಕಂಡವಳು. ಐದನೆಯ ವಿಕ್ರಮಾದಿತ್ಯ, ಜಯಸಿಂಹ, ಸೋಮೇಶ್ವರ ಎಂಬ ಮೂವರು ಚಕ್ರವರ್ತಿಗಳ ಕಾಲದಲ್ಲಿ ಅವಳ ಹೆಸರು ಕಿಸುಕಾಡಿನ ಸೀಮೆಯ ಶಾಸನಗಳಲ್ಲಿ ನಿಂತಿದೆ. ಸಿಂಹಾಸನವು ಕೈಬದಲಾದಾಗ ಮೊದಲು ಕೈಬದಲಾಗುವುವು ಮಾಂಡಲಿಕ ಪದವಿಗಳೆಂಬುದು ಚಾಳುಕ್ಯರ ಶಾಸನಗಳನ್ನು ತಿರುವಿಹಾಕಿದವರಿಗೆಲ್ಲ ಗೊತ್ತು. ಇಲ್ಲಿ ಹಾಗಾಗಲಿಲ್ಲ, ಬದಲಾಗಿ ಎಪ್ಪತ್ತರ ಒಡತಿಗೆ ಅರುವತ್ತೂ ನೂರ ನಾಲ್ವತ್ತೂ ಕೂಡಿಬಂದುವು.

ಚಾಳುಕ್ಯವಂಶದಲ್ಲಿ ನಾಡನ್ನಾಳಿದ ಸ್ತ್ರೀಯರು ಇನ್ನೂ ಇದ್ದಾರೆ. ಸೋಮೇಶ್ವರನ ಅರಸಿ ಮೈಲಲದೇವಿಯು 1053ರಲ್ಲಿ ಬನವಾಸಿ ಹನ್ನೆರಡು ಸಾಸಿರವನ್ನೂ, ಇನ್ನೊಬ್ಬ ಅರಸಿ ಕೇತಲದೇವಿಯು 1054ರಲ್ಲಿ ಪೊನ್ನವಾಡದ ಅಗ್ರಹಾರವನ್ನೂ ಆಳುತ್ತಿದ್ದರು. ಅವರಿಗಿಂತ ಬಹು ಪೂರ್ವದಲ್ಲಿ, ನಮ್ಮ ಎಡೆದೊರೆಯಲ್ಲಿಯೇ, ಅಮೋಘವರ್ಷನ ಮಗಳೊಬ್ಬಳು ಆಡಳಿತ ನಡೆಸಿದಳೆಂದು ರಾಷ್ಟ್ರಕೂಟರ ಚರಿತ್ರೆಯನ್ನು ಬರೆದವರು ಹೇಳಿದ್ದಾರೆ. ಮೈಲಲದೇವಿ ಕೇತಲದೇವಿಯರ ಅಧಿಕಾರವು ಗಂಡನ ಸಿಂಹಾಸನದ ಅರ್ಧಭಾಗದಿಂದ ಬಂದುದು. ಅಕ್ಕಾದೇವಿಯದು ಹಾಗಲ್ಲ. ಹಾನುಗಲ್ಲ ಕದಂಬರ ಮಯೂರವರ್ಮನು ಅವಳ ಪತಿಯೆಂದು ಫ್ಲೀಟರು ಗುರುತಿಸಿದ್ದಾರೆ. ಆದರೆ ಕಿಸುಕಾಡು ಕದಂಬರ ನಾಡಲ್ಲ, ತವರಿನ ನಾಡು. ಶಾಸನಗಳು ಅವಳನ್ನು ಪರಿಚಯಮಾಡಿಕೊಡುವುದೂ ಚಾಳುಕ್ಯರ ಮಗಳೆಂದೇ. ಕೊಟ್ಟ ಹೆಣ್ಣು ಕುಲದ ಹೊರಗೆ ಎಂಬ ನಮ್ಮ ಗಾದೆಯಂಥ ನಂಬಿಕೆಗೆ ಹನ್ನೊಂದನೆಯ ಶತಮಾನದ ಕಿಸುಕಾಡಿನಲ್ಲಿ ಅಷ್ಟೊಂದು ಬೆಲೆಯಿದ್ದಂತೆ ಕಾಣುವುದಿಲ್ಲ.

ಇಷ್ಟೆಲ್ಲ ಇದ್ದರೂ ಸಾಹಿತ್ಯವನ್ನು ಓದುವ ನಮಗೆ ಅವಳ ಹೆಸರು ಏಕೆ ಪರಿಚಿತವಲ್ಲ? ಅವಳ ಸೀಮೆಗೆ ಹತ್ತಿರದ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಅರಿಯದ ಕನ್ನಡಿಗನಿಲ್ಲ. ಇಬ್ಬರಿಗೂ ಕಾಲದಲ್ಲಿ ಹೆಚ್ಚು ಅಂತರವೂ ಇಲ್ಲ; ಅತ್ತಿಮಬ್ಬೆಯ ಲಕ್ಕುಂಡಿಯ ಶಾಸನವು 1007ರದು. ಆದರೆ ಅತ್ತಿಮಬ್ಬೆಗೆ ರನ್ನನಿದ್ದನು. 993ರ ಅಜಿತಪುರಾಣವು ಅವಳ ಕೀರ್ತಿಯನ್ನು ಪಾಠಶಾಲೆಗಳ ವರೆಗೆ ಹೊತ್ತುತಂದಿತು. ಜಯಸಿಂಹನ ಆಸ್ಥಾನದಲ್ಲಿಯೂ ಕವಿಗಳಿಗೆ ಕೊರತೆಯಿರಲಿಲ್ಲ. ಪಂಚತಂತ್ರವನ್ನು ಕನ್ನಡಿಸಿದ ದುರ್ಗಸಿಂಹನು ಅವನ ಸಂಧಿವಿಗ್ರಹಿ. ಅವನ ಹುಟ್ಟೂರಾದ ಸಯ್ಯಡಿಯ ಅಗ್ರಹಾರವು ಅಕ್ಕಾದೇವಿ ಆಳುತ್ತಿದ್ದ ಕಿಸುಕಾಡುನಾಡಿಗೇ ಸೇರಿದುದು. ಆದರೂ ರನ್ನನು ಅತ್ತಿಮಬ್ಬೆಯನ್ನು ನಿಲ್ಲಿಸಿದಂತೆ ಗುಣದ ಬೆಡಂಗಿಯನ್ನು ಕಾವ್ಯದಲ್ಲಿ ನಿಲ್ಲಿಸುವ ಕೆಲಸವು ಯಾರಿಂದಲೂ ಆಗಲಿಲ್ಲ. ಅವಳ ಪಾಲಿಗೆ ಉಳಿದುವು ಬೇಲೂರು, ಸೂಡಿ, ಅರಸಿಬೀಡಿಗಳ ಕಲ್ಲುಗಳು. ಕಾವ್ಯದಲ್ಲಿ ಹೆಸರು ಪಡೆದವರನ್ನೇ ಚರಿತ್ರೆಯ ಹೆಂಗಸರೆಂದು ಪಾಠಹೇಳುತ್ತ ಹೋದರೆ ದಾನಿಗಳು ಮಾತ್ರ ಕಣ್ಣಿಗೆ ಬೀಳುತ್ತಾರೆ, ಆಳಿದವರು ಮರೆಯಾಗುತ್ತಾರೆ.

ಮರೆಯಾಗುವುದಕ್ಕೆ ಅರಸಿಬೀಡಿಯೇ ಒಳ್ಳೆಯ ಉದಾಹರಣೆ. ಹುನಗುಂದ ಸೀಮೆಯ ಈ ಹಾಳೂರೇ ಹಳೆಯ ವಿಕ್ರಮಪುರ. ಇದನ್ನು ಆರನೆಯ ವಿಕ್ರಮಾದಿತ್ಯನು ಕಟ್ಟಿಸಿದನೆಂದು ಹಿಂದಣ ಗೆಜೆಟಿಯರಿನಲ್ಲಿ ಬರೆದಿದೆ. ಆ ವಿಕ್ರಮಾದಿತ್ಯನಿಗೆ ಪಟ್ಟವಾದುದು 1076ರಲ್ಲಿ. ಅದಕ್ಕೆ ಇಪ್ಪತ್ತೊಂಬತ್ತು ವರ್ಷಗಳ ಹಿಂದೆಯೇ ಅಕ್ಕಾದೇವಿಯ ದತ್ತಿಯಲ್ಲಿ ವಿಕ್ರಮಪುರದ ಹೆಸರಿದೆ. 1053-54ರ ಶಾಸನದಲ್ಲಿ ಅವಳ ನೆಲೆವೀಡೇ ಅದು. ಊರಿನ ಹೆಸರು ಅವಳ ಒಡಹುಟ್ಟಿದ ಐದನೆಯ ವಿಕ್ರಮಾದಿತ್ಯನ ನೆನಪಿಗೆ ಇಟ್ಟುದೆಂದು ತಿಳಿಯುವುದೇ ಯುಕ್ತ. ಹೆಸರುವಾಸಿಯಾದ ಅರಸನಿಗೆ ಊರನ್ನು ಒಪ್ಪಿಸಿದ ಬರಹಗಾರರು ಊರಿನ ಇನ್ನೊಂದು ಹೆಸರಿನಲ್ಲಿ 'ಅರಸಿ'ಯಿರುವುದನ್ನು ಗಮನಿಸಲಿಲ್ಲ. ಅರಸಿಯ ಬೀಡೆಂಬ ಹೆಸರನ್ನು ಜನರು ಯಾರ ಮೇಲೆ ಇಟ್ಟರೆಂಬುದಕ್ಕೆ, ಮುತ್ತಿಗೆಯ ಬೀಡಿನಿಂದ ಈ ಊರಿಗೆ ದತ್ತಿಬಿಟ್ಟು, ಕೊನೆಯ ವರ್ಷಗಳಲ್ಲಿ ಇಲ್ಲಿಯೇ ನೆಲಸಿ ಆಳಿದವಳಿಗಿಂತ ಯೋಗ್ಯಳಾದ ಬೇರೊಬ್ಬ ಅರಸಿಯನ್ನು ನಾನು ಕಾಣೆ.

ವಿಕ್ರಮಪುರದ ಆ ಶಾಸನದ ಕಾಲಕ್ಕೇ, 1054ರಲ್ಲಿ, ಕೊಪ್ಪಂನ ಕಾಳಗದಲ್ಲಿ ಚೋಳರ ರಾಜಾಧಿರಾಜನು ಆನೆಯ ಮೇಲೆಯೇ ಮಡಿದನು. ಅವನ ಹಾವಳಿಯ ಗುರುತುಗಳು ಮಾತ್ರ ಬೇಗ ಮಾಸಲಿಲ್ಲ. ಬೆಳ್ವೊಲದಲ್ಲಿ ಚೋಳನು ಸುಟ್ಟ ಬಸದಿಗಳ ಜೀರ್ಣೋದ್ಧಾರವನ್ನು 1071ರಷ್ಟು ತಡವಾಗಿಯೂ ಅಣ್ಣಿಗೇರಿಯ ಸೀಮೆಯ ಶಾಸನಗಳು ಹೇಳುತ್ತವೆ. ಸುಂಡಿಯ ಸೆಟ್ಟಿಗಳ ಪತ್ರವು ಅದಕ್ಕಿಂತ ಇಪ್ಪತ್ತು ವರ್ಷ ಮುಂಚೆಯೇ ಸರಿಯಾಗಿತ್ತು. ಅಕ್ಕಾದೇವಿಯ ಮಗನೆಂದು ಫ್ಲೀಟರು ಹೇಳುವ ತೋಯಿಮದೇವನು 1060ರ ದಶಕದಲ್ಲಿ ಬನವಾಸಿ ಹನ್ನೆರಡು ಸಾಸಿರವನ್ನು ಆಳುತ್ತಿದ್ದುದು ಶಾಸನಗಳಲ್ಲಿ ಕಾಣುತ್ತದೆ.